ಕರಡಿಯ ಮೊದಲ ದನಿ

ಸಿನಿಮಾದ ಜೊತೆ ಹಂಚೋದಕ್ಕೆ ಒಂದು ಪುಟ್ಟ ಪುಸ್ತಿಕೆ ಮಾಡಿದ್ದಾರೆ. ‘ತೆರೆಯ ಹಿಂದಿನ ಹದಿನೇಳು ಸಂಗತಿಗಳು’ ಅಂತ ಅದರ ಹೆಸರು. ಮುದಿ ಕರಡಿಯ ಮೈಮೇಲೆ ಹನ್ನೆರಡು ಲಕ್ಷ ಕೂದಲಿವೆ ಅನ್ನುವುದು ಮೊದಲನೆಯದು. ಎಣಿಸಿದವರು ಯಾರೂ ಇಲ್ಲ. ಪ್ರಚಾರದ ಹುಡುಗಿ ಕೇಳಲು ಹೋದಾಗ ಕೂದಲಿನ ವಿಭಾಗದವನು ಊಟಕ್ಕೆ ಹೊರಟಿದ್ದ, ಬಾಯಿಗೆ ಬಂದ ಸಂಖ್ಯೆ ಹೇಳಿ ಜಾಗ ಖಾಲಿ ಮಾಡಿದ. ಬಾತುಕೋಳಿ ಮರಿಯ ಹೆಜ್ಜೆಯ ಸದ್ದು ಒದ್ದೆ ಬಟ್ಟೆಯಿಂದ ಬಂದದ್ದು ಅನ್ನುವುದು ನಾಲ್ಕನೆಯದು. ಅದು ನಿಜ. ನಮ್ಮ ಮನೆಯ ಅಡುಗೆಕಟ್ಟೆ ಒರೆಸುವ ಬಟ್ಟೆ, ನಮ್ಮ ಮನೆಯ ಬಚ್ಚಲಿನ ನೆಲ. ಎರಡು ಸಂಜೆ ಮಂಡಿಯೂರಿ ಕೂತು ಪಟ್ ಪಟ್ ಅಂತ ಬಡಿದವಳು ದನಿ ವಿಭಾಗದ ನಾನು.

ಹನ್ನೆರಡನೆಯದು ಹೀಗಿದೆ: ‘ಕರಡಿಯ ಪ್ರತಿಯೊಂದು ಮಾತು, ನಗು, ಕೊನೆಗೆ ಏದುಸಿರು ಕೂಡ ನಮ್ಮ ಮೆಚ್ಚಿನ ನಟರದೇ! ಇಡೀ ಪಾತ್ರಕ್ಕೆ ಅವರಿಗೆ ಹಿಡಿದದ್ದು ಎರಡೇ ದಿನ!’

ಅದು ಸುಳ್ಳು. ಸುಳ್ಳು ಅಂತ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವಳು ನಾನೇ. ಯಾಕೆ ಮುಚ್ಚಿಕೊಂಡೆ ಅನ್ನುವುದು ಪುಸ್ತಿಕೆಯಲ್ಲಿ ಹಿಡಿಸುವ ಸಂಗತಿಯಲ್ಲ.

ಕಂಪ್ಯೂಟರಿನಲ್ಲಿ ಮಾಡುವ ಇಂಥ ಸಿನಿಮಾಗಳಲ್ಲಿ ಚಿತ್ರಕ್ಕಿಂತ ಮೊದಲು ದನಿ ಬರಬೇಕು. ದನಿ ಇಲ್ಲದೆ ಕರಡಿ ಯಾವಾಗ ಬಾಯಿ ತೆರೆಯಬೇಕು, ಯಾವಾಗ ಹುಬ್ಬೆತ್ತಬೇಕು ಅಂತ ಅದನ್ನು ಆಡಿಸುವವರಿಗೆ ಗೊತ್ತಾಗುವುದಿಲ್ಲ. ದೊಡ್ಡ ನಟರು ಬರುವುದು ಮೂರು ನಾಲ್ಕು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಸ್ಟುಡಿಯೋದಲ್ಲೇ ಇರುವ ಯಾರನ್ನಾದರೂ ಹಿಡಿದು ಮೈಕಿನ ಮುಂದೆ ನಿಲ್ಲಿಸುತ್ತಾರೆ. ಅದಕ್ಕೆ ನಮ್ಮಲ್ಲಿ ಪೈಲಟ್ ದನಿ ಅಂತಾರೆ. ಬಾತುಕೋಳಿ ಮರಿಗೆ ಲೆಕ್ಕಪತ್ರದ ವಿಭಾಗದ ಹೆಂಗಸೊಬ್ಬರು ಮಾತಾಡಿದರು. ಮುದಿ ಕರಡಿಗೆ ಮಾತಾಡಿದವನು ನನ್ನ ಗಂಡ.

ಅವನು ಅಲ್ಲೇ ಸ್ಟೋರಿಬೋರ್ಡ್ ಬರೆಯುತ್ತಿದ್ದ. ಕಥೆಯ ಚಿತ್ರಗಳನ್ನು ಗೋಡೆಗೆ ಅಂಟಿಸಿ, ಒಂದೊಂದಕ್ಕೂ ಕೋಲು ತೋರಿಸುತ್ತ, ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡಿ ನಿರ್ದೇಶಕರಿಗೆ ಕಥೆ ಹೇಳುವ ಕೆಲಸ. ಅವನ ದನಿ ಏನೂ ಇಂಪಾಗಿರಲಿಲ್ಲ. ಮಧ್ಯಾಹ್ನದ ನಿದ್ದೆಯಿಂದ ಈಗ ತಾನೇ ಎದ್ದವರ ದನಿ ಇರುತ್ತದಲ್ಲ, ಅಂಥದ್ದು. ಗಡಿಯಾರದ ಗೋಪುರ ಕಾಯುವ ಮುದಿ ಕರಡಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಗೋಪುರದಲ್ಲಿ ದೊಡ್ಡ ಗಡಿಯಾರ ಹೊಡೆದಾಗ ಹೊಸದಾಗಿ ಬಂದ ಬಾತುಕೋಳಿ ಮರಿ ಬೆಚ್ಚಿಬೀಳುತ್ತದೆ. ಆಗ ಕರಡಿ, ‘ಹೆದರ್ಬೇಡ ಮರಿ. ಗಡಿಯಾರ ಅಂದ್ಮೇಲೆ ಬಡ್ಕೊಳ್ಳುತ್ತೆ. ಅದಕ್ಕೆ ಬೇರೆ ಏನ್ ಕೆಲಸ?’ ಅನ್ನುತ್ತದೆ. ಈ ಮಾತು ಸ್ಕ್ರಿಪ್ಟಿನಲ್ಲಿ ಇರಲೇ ಇಲ್ಲ. ಮೈಕಿನ ಮುಂದೆ ನಿಂತಾಗ ಅವನ ಬಾಯಿಂದ ಬಂತು, ಉಳಿಯಿತು.

ಆಗ ನಮ್ಮ ಮಗಳಿಗೆ ಒಂದು ವರ್ಷ. ಕರಡಿಯು ಬಾತುಕೋಳಿ ಮರಿಯನ್ನು ಮಲಗಿಸುವ ಜೋಗುಳವೊಂದಿತ್ತು. ಅದನ್ನು ಅವನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮನೆಯಲ್ಲೇ ಹಾಡಿದ, ನಾನು ರೆಕಾರ್ಡ್ ಮಾಡಿದೆ. ಮೂರನೇ ಸಲ ಹಾಡುವಾಗ ಮಗು ನಡುವೆ ‘ಆ’ ಅಂತ ದನಿ ಸೇರಿಸಿತು. ಅವನಿಗೆ ನಗು ತಡೆಯಲಾಗಲಿಲ್ಲ, ನಗುತ್ತಲೇ ಹಾಡು ಮುಗಿಸಿದ. ಆಮೇಲೆ ಸಿನಿಮಾ ಉದ್ದವಾಯಿತು ಅಂತ ಜೋಗುಳವನ್ನೇ ತೆಗೆದುಹಾಕಿದರು. ಆದರೆ ರೆಕಾರ್ಡಿಂಗ್ ನನ್ನ ಹತ್ತಿರ, ಸ್ಟುಡಿಯೋದ ಸರ್ವರಿನಲ್ಲಿತ್ತು. ಎರಡು ವರ್ಷದಲ್ಲಿ ಅವನು ಮಾತಾಡಿದ್ದು, ತಪ್ಪಿದ್ದು, ನಕ್ಕದ್ದು, ಬೈದದ್ದು ಎಲ್ಲ ಸೇರಿ ನಲವತ್ತು ನಿಮಿಷ.

ಮಗಳಿಗೆ ಮೂರೂವರೆ ಆದಾಗ ಅವನ ಗಂಟಲಲ್ಲಿ ಗಡ್ಡೆ ಕಂಡಿತು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿಲ್ಲ ಅಂದರು ಡಾಕ್ಟರು. ಆಪರೇಷನ್ನಿಗೆ ಹೋಗುವ ಹಿಂದಿನ ದಿನ ಆಸ್ಪತ್ರೆಯ ಮಂಚದ ಮೇಲೆ ಕೂತು ಚಪ್ಪಲಿಯ ಪಟ್ಟಿ ಸರಿ ಮಾಡುತ್ತ ಹೇಳಿದ, “ಕರಡಿ ರೆಕಾರ್ಡಿಂಗ್ ಜೋಪಾನ ಕಣೇ. ಅವಳು ದೊಡ್ಡವಳಾದ್ಮೇಲೆ ಕೇಳಿಸು. ನಂಗೆ ಬೇರೆ ಏನೂ ಬೇಡ.”

“ಎಲ್ಲಿಗೆ ಹೋಗುತ್ತೆ? ನಮ್ಮ ಸರ್ವರಲ್ಲೇ ಇದೆಯಲ್ಲ” ಅಂದೆ. ಅವನು ತನ್ನ ದನಿಯಲ್ಲಿ ನನ್ನಿಂದ ಕೇಳಿಕೊಂಡ ಕೊನೆಯ ಮಾತು ಅದು. ನಾನು ಕೊಟ್ಟ ಉತ್ತರ ಇದು.

ಫೋನಿನಲ್ಲಿ ವಿಡಿಯೋಗಳಿಲ್ಲವೇ ಅಂತ ಕೇಳುವವರಿದ್ದಾರೆ. ನೂರಾರಿವೆ. ತೆಗೆದವನು ಅವನೇ ಆದ್ದರಿಂದ ಎಲ್ಲದರಲ್ಲೂ ನಾನು ಮತ್ತು ಮಗಳು ಇದ್ದೇವೆ. ಅವನ ದನಿ ಅಲ್ಲೊಂದು ಇಲ್ಲೊಂದು: ‘ಈ ಕಡೆ ನೋಡು’, ‘ಲೈಟ್ ಹಾಕು’, ‘ಆಯ್ತು’. ಬಾಡಿಗೆಗೆ ಬಂದ ಫೋಟೋಗ್ರಾಫರ್ ಕೂಡ ಅದಕ್ಕಿಂತ ಹೆಚ್ಚು ಮಾತಾಡುತ್ತಾನೆ.

ಆಪರೇಷನ್ ಆದ ಮೇಲೆ ಕುತ್ತಿಗೆಯ ಬುಡದಲ್ಲಿ ಒಂದು ತೂತು ಉಳಿಯಿತು, ಈಗ ಅವನ ಉಸಿರಾಟ ಅದರಿಂದಲೇ. ಕುತ್ತಿಗೆಗೆ ಒತ್ತಿ ಹಿಡಿದರೆ ಮಾತು ಬರುವ ಯಂತ್ರವೊಂದನ್ನು ಕೊಟ್ಟರು. ಅದರ ಗುಂಯ್‌ಗುಡುವ ದನಿ ಕೇಳಿ ಮಗಳು ಹೆದರಿ ನನ್ನ ಸೆರಗಿನೊಳಗೆ ಮುಖ ಹುದುಗಿಸಿ ಅತ್ತಳು. ಅವನು ಯಂತ್ರವನ್ನು ಡ್ರಾಯರಿನೊಳಗಿಟ್ಟ, ಮತ್ತೆ ತೆಗೆಯಲಿಲ್ಲ. ಬರೆದು ಗುಂಡಿ ಒತ್ತಿದರೆ ಅಳಿಸಿಹೋಗುವ ಸ್ಲೇಟು ಬರುತ್ತದಲ್ಲ, ಅದನ್ನು ತಂದುಕೊಂಡ. ಮಗಳು ಅಕ್ಷರ ಕಲಿತದ್ದು ಶಾಲೆಯಲ್ಲಲ್ಲ, ಆ ಸ್ಲೇಟಿನಲ್ಲಿ. ನಾನು ಅಡುಗೆಮನೆಯಲ್ಲಿದ್ದರೆ ಅಪ್ಪ ಬರೆದದ್ದನ್ನು ಅಲ್ಲಿಂದಲೇ ಅವಳು ಕೂಗಿ ಓದುತ್ತಾಳೆ: “ಅಮ್ಮಾ, ಉ-ಪ್ಪು ಜಾ-ಸ್ತಿ ಅಂತೆ!”

ಒಂದೂವರೆ ವರ್ಷದ ನಂತರ ದೊಡ್ಡ ನಟರು ಬಂದರು. ಅವರ ಕಿವಿಗೆ ಹೆಡ್‌ಫೋನ್ ಹಾಕಿ, ನನ್ನ ಗಂಡನ ಪೈಲಟ್ ದನಿ ಕೇಳಿಸಿ, ಅದೇ ಅಳತೆಗೆ ಮಾತಾಡಿಸುವುದು ನನ್ನ ಕೆಲಸ. ಎರಡು ದಿನ ಗಾಜಿನ ಈಚೆ ಕೂತು ಒಂದೊಂದೇ ಸಾಲನ್ನು ಹಾಕುತ್ತ ಹೋದೆ. ಗಂಡನ ಮಾತು, ಅದರ ಹಿಂದೆಯೇ ನಟರ ಮಾತು. ಅವರು ಕೆಟ್ಟವರೇನಲ್ಲ. ನಡುವೆ ಹೆಡ್‌ಫೋನ್ ತೆಗೆದು, “ಯಾರ್ರೀ ಇವರು? ಇವರನ್ನೇ ಇಟ್ಕೋಬಹುದಿತ್ತಲ್ಲ” ಅಂದರು. ನಾನು ನಕ್ಕು ಮುಂದಿನ ಸಾಲು ಹಾಕಿದೆ. ಕೊನೆಯಲ್ಲಿ ಕರಡಿ ಗೋಪುರದ ಮೆಟ್ಟಿಲು ಹತ್ತುತ್ತ ಏದುಸಿರು ಬಿಡುವುದೊಂದು ಉಳಿದಿತ್ತು. ಗಂಟಲು ಕೆಡುತ್ತದೆ, ಆಮೇಲೆ ನೋಡೋಣ ಅಂತ ಹೊರಟುಹೋದರು. ಆಮೇಲೆ ಬರಲಿಲ್ಲ. “ಏದುಸಿರಲ್ಲಿ ಯಾರದು ಅಂತ ಯಾರಿಗೆ ಗೊತ್ತಾಗುತ್ತೆ, ನಿಮ್ಮನೆಯವರದನ್ನೇ ಬಿಡಿ” ಅಂದರು ನಿರ್ದೇಶಕರು. ಹಾಗೆ ಹನ್ನೊಂದು ಸೆಕೆಂಡಿನ ಉಸಿರು ಸಿನಿಮಾದಲ್ಲಿ ಉಳಿಯಿತು.

ಇನ್ನು ನನ್ನ ಘನಂದಾರಿ ಕೆಲಸ.

ದನಿ ಸಂಕಲನದಲ್ಲಿ ನನಗೆ ಹದಿನಾಲ್ಕು ವರ್ಷ. ಹೊಸಬರು ಸೇರಿದ ಮೊದಲ ದಿನವೇ ನಾನು ಅವರಿಗೆ ಬಾಯಿ ಬಡಿದುಕೊಂಡು ಹೇಳುವುದು ಒಂದೇ ಮಾತು. ನಮ್ಮ ಪರದೆಯ ಮೇಲೆ ದನಿಗಳು ಬಣ್ಣಬಣ್ಣದ ಪಟ್ಟಿಗಳಾಗಿ ಕಾಣುತ್ತವೆ. ಅದಕ್ಕೆ ಸೆಷನ್ ಅಂತಾರೆ. ಆದರೆ ದನಿ ಅದರೊಳಗೆ ಇರುವುದಿಲ್ಲ. ದನಿ ಬೇರೆ ಕಡೆ ಇರುತ್ತದೆ, ಸೆಷನ್ನಿನಲ್ಲಿರುವುದು ಅದರ ವಿಳಾಸ ಅಷ್ಟೆ. ಸೆಷನ್ ನಕಲು ಮಾಡಿಕೊಳ್ಳುವಾಗ ‘ದನಿಗಳೂ ಸೇರಿ’ ಅನ್ನುವ ಚೌಕಕ್ಕೆ ಟಿಕ್ ಹಾಕಬೇಕು. ಹಾಕದಿದ್ದರೆ ಸಾಮಾನಿನ ಚೀಟಿ ಮನೆಗೆ ಬರುತ್ತದೆ, ಸಾಮಾನು ಅಂಗಡಿಯಲ್ಲೇ ಉಳಿಯುತ್ತದೆ. ಒಬ್ಬ ಹುಡುಗ ಹೀಗೆ ಬರೀ ಚೀಟಿ ಹಿಡಿದು ಬೇರೆ ಊರಿನ ಮಿಕ್ಸಿಂಗಿಗೆ ಹೋಗಿ ಕೈ ಬೀಸಿಕೊಂಡು ವಾಪಸ್ ಬಂದಿದ್ದ. ಆ ಕಥೆಯನ್ನು ನಾನು ಊಟದ ಹೊತ್ತಿನಲ್ಲಿ ಮನೆಯಲ್ಲೂ ಅದೆಷ್ಟು ಸಲ ಹೇಳಿ ನಗಿಸಿದ್ದೇನೋ. ನನ್ನ ಗಂಡ ಆ ಹುಡುಗನ ಸಪ್ಪೆ ಮುಖದ ವ್ಯಂಗ್ಯಚಿತ್ರ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ.

ಸಿನಿಮಾ ಪಕ್ಕಾ ಆದ ಮೇಲೆ ಪೈಲಟ್ ದನಿಗಳನ್ನು ಅಳಿಸಬೇಕು ಅನ್ನುವುದು ಸ್ಟುಡಿಯೋದ ನಿಯಮ. ಹಿಂದಿನ ಸಿನಿಮಾ ಒಂದರಲ್ಲಿ ಯಾರದೋ ಪೈಲಟ್ ಕೆಮ್ಮು ಥಿಯೇಟರಿನವರೆಗೆ ಹೋಗಿ ಮರ್ಯಾದೆ ಕಳೆದಿತ್ತು. ಸೋರಿಕೆಯಾಗಬಾರದು ಅಂತ ಹಳೆಯ ಕರಡು ಪ್ರತಿಗಳನ್ನೂ ಅದೇ ದಿನ ಅಳಿಸುತ್ತಾರೆ. ಸರ್ವರ್ ನೋಡಿಕೊಳ್ಳುವವನಿಗೆ ನಾವೆಲ್ಲ ಇಟ್ಟ ಹೆಸರು ಪೊರಕೆ. ಅವನು ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿದ.

“ಅಕ್ಕಾ, ಪೈಲಟ್ ಫೋಲ್ಡರ್ ಖಾಲಿ ಮಾಡ್ತಿದೀನಿ. ಅಣ್ಣಂದು ತಗೊಂಡ್ರಾ?”

“ನಿನ್ನೇನೇ ತಗೊಂಡೆ. ಅಳಿಸು.”

“ನೋಡಿ, ಅಳಿಸಿದ್ದು ಒಂದು ತಿಂಗಳಾದ್ಮೇಲೆ ನಂಗೂ ಸಿಗಲ್ಲ.”

“ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಮಾರಾಯ. ನಂಗೆ ಹೇಳಿಕೊಡ್ಬೇಡ.”

ಅವಸರದಲ್ಲಿದ್ದೆ, ಮಗಳಿಗೆ ಜ್ವರವಿತ್ತು, ನಿದ್ದೆಗೆಟ್ಟಿದ್ದೆ ಅಂತ ಹೇಳಿಕೊಳ್ಳಬಹುದಿತ್ತು. ಯಾವುದೂ ಇರಲಿಲ್ಲ. ಗುರುವಾರ ಮಧ್ಯಾಹ್ನ, ಹೊಟ್ಟೆತುಂಬ ಊಟ ಮಾಡಿ, ಕಾಫಿ ಕುಡಿಯುತ್ತ ಸೆಷನ್ನನ್ನು ಒಂದು ಪುಟ್ಟ ಡ್ರೈವಿಗೆ ನಕಲು ಮಾಡಿದ್ದೆ. ನಲವತ್ತು ನಿಮಿಷದ ದನಿ ಎರಡೇ ಸೆಕೆಂಡಿನಲ್ಲಿ ನಕಲಾಯಿತು. ಎರಡೇ ಸೆಕೆಂಡಾ ಅಂತ ಒಮ್ಮೆಯೂ ಅನ್ನಿಸಲಿಲ್ಲ. ಡ್ರೈವನ್ನು ಕರವಸ್ತ್ರದಲ್ಲಿ ಸುತ್ತಿ ಬೀರುವಿನಲ್ಲಿ ಮಗಳ ಜನನ ಪತ್ರದ ಪಕ್ಕದಲ್ಲಿಟ್ಟೆ. ಗಂಡನಿಗೆ ತೋರಿಸಿದಾಗ ಅವನು ಸ್ಲೇಟಿನಲ್ಲಿ ಒಂದು ಕರಡಿ ಬರೆದು ಅದಕ್ಕೆ ಕಿರೀಟ ಹಾಕಿದ.

ಮೂರು ತಿಂಗಳ ನಂತರ ಪ್ರಚಾರದ ಹುಡುಗಿ ನನ್ನ ಕೋಣೆಗೆ ಬಂದಳು. ಪುಸ್ತಿಕೆಗೆ ಸಂಗತಿಗಳು ಬೇಕಿತ್ತು.

“ಮೇಡಂ, ಕರಡಿಗೆ ಮೊದಲು ಮಾತಾಡಿದ್ದು ಸರ್ ಅಂತೆ! ಮೇಕಿಂಗ್ ವಿಡಿಯೋದಲ್ಲಿ ಅವರ ದನಿ ಅರ್ಧ ನಿಮಿಷ ಹಾಕ್ತೀವಿ. ಹೆಸರು ಬರುತ್ತೆ, ಫೋಟೋ ಬರುತ್ತೆ. ಒಂದು ಕ್ಲಿಪ್ ಕೊಡ್ತೀರಾ?”

ನನಗೆ ಎಷ್ಟು ಖುಷಿಯಾಯಿತೆಂದರೆ ಅವಳ ಕೆನ್ನೆ ಹಿಂಡಿದೆ. ಮನೆಗೆ ಹೋದವಳೇ ಚಪ್ಪಲಿಯನ್ನೂ ಬಿಡದೆ ಬೀರು ತೆಗೆದೆ. ಗಂಡ ಮಗಳನ್ನು ಕರೆದುಕೊಂಡು ತರಕಾರಿಗೆ ಹೋಗಿದ್ದ. ಡ್ರೈವ್ ಚುಚ್ಚಿದೆ. ಸೆಷನ್ ತೆರೆಯಿತು. ಪಟ್ಟಿಗಳೆಲ್ಲ ಸಾಲಾಗಿ ಬಂದು ನಿಂತವು, ಒಂದೊಂದರ ಮೇಲೂ ನಾನೇ ಬರೆದ ಹೆಸರು, ಅಳತೆಯಲ್ಲಿ ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಎಲ್ಲವೂ ಬೂದು ಬಣ್ಣದಲ್ಲಿದ್ದವು.

ಬೂದು ಅಂದರೆ ಏನೆಂದು ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ. ವಿಳಾಸವಿದೆ, ಅಲ್ಲಿ ದನಿ ಇಲ್ಲ ಅಂತ. ಪ್ಲೇ ಗುಂಡಿ ಒತ್ತಿದೆ. ಗೆರೆ ಪಟ್ಟಿಗಳ ಮೇಲೆ ಎಡದಿಂದ ಬಲಕ್ಕೆ ಓಡಿತು, ಸದ್ದಿಲ್ಲ. ಸ್ಪೀಕರಿನ ವೈರು ಕಿತ್ತು ಮತ್ತೆ ಹಾಕಿದೆ. ಅದರಲ್ಲೇನೂ ಇಲ್ಲವೆಂದು ಗೊತ್ತಿದ್ದೂ ಹಾಕಿದೆ. ಆಮೇಲೆ ನೆಲದ ಮೇಲೆ ಕೂತು ಪೊರಕೆಗೆ ಫೋನ್ ಮಾಡಿದೆ. “ಹೇಳಿದ್ನಲ್ಲ ಅಕ್ಕಾ” ಅಂದ. ಅವನು ಅಳುವುದನ್ನು ಕೇಳಿಸಿಕೊಂಡು ನನಗೆ ರೇಗಿಹೋಯಿತು, ಫೋನ್ ಇಟ್ಟೆ. ಅಳುವುದಕ್ಕೆ ಅವನಿಗೇನು ಹಕ್ಕಿತ್ತು?

ಮಾರನೆಯ ದಿನ ಸ್ಟುಡಿಯೋದಲ್ಲಿ ಹುಡುಕದ ಮೂಲೆಯಿಲ್ಲ. ಸಂಕಲನಕಾರರನ್ನು, ಕರಡಿಯನ್ನು ಆಡಿಸಿದವರನ್ನು, ಲೆಕ್ಕಪತ್ರದ ಹೆಂಗಸನ್ನು, ಎಲ್ಲರನ್ನೂ ಕೇಳಿದೆ. ನಿಯಮವನ್ನು ಯಾರೂ ಮುರಿದಿರಲಿಲ್ಲ. ಇಂಥ ಶಿಸ್ತಿನ ಜನ ನಾವು. ಸಿಕ್ಕಿದ್ದು ಹನ್ನೊಂದು ಸೆಕೆಂಡಿನ ಏದುಸಿರು ಮಾತ್ರ. ಅದರಲ್ಲಿ ಒಂದು ಅಕ್ಷರವಿಲ್ಲ.

ಪ್ರಚಾರದ ಹುಡುಗಿಗೆ, “ನಮ್ಮನೆಯವರಿಗೆ ಇದೆಲ್ಲ ಇಷ್ಟ ಇಲ್ಲಮ್ಮ, ಅವರ ವಿಷಯ ಬೇಡ” ಅಂದೆ. ಅವಳು ಪಾಪ, ಪುಸ್ತಿಕೆಯಲ್ಲಿ ಖಾಲಿ ಬಿದ್ದ ಜಾಗಕ್ಕೆ ಹನ್ನೆರಡನೇ ಸಂಗತಿ ಹೊಸೆದಳು.

ಗಂಡನಿಗೆ ಹೇಳಲಿಲ್ಲ. ನಾಳೆ ಹೇಳೋಣ ಅಂತ ಐದು ತಿಂಗಳು ದೂಡಿದೆ. ಅವನು ಬೀರುವಿನ ಬಾಗಿಲು ತೆಗೆದಾಗಲೆಲ್ಲ ಪಾತ್ರೆ ತಿಕ್ಕುತ್ತಿದ್ದ ನನ್ನ ಕೈ ನಿಲ್ಲುತ್ತಿತ್ತು. ದಿನವೂ ಅವನ ಮುಖ ನೋಡಿ ಅನ್ನ ಬಡಿಸುವುದು ಎಷ್ಟು ಕಷ್ಟ ಅಂತ ಯಾರಿಗೂ ಹೇಳಲಾರೆ. ಒಂದು ಸಲ ಡಾಕ್ಟರು ಕೊಯ್ದರು, ಅದು ಅವನ ಜೀವ ಉಳಿಸುವುದಕ್ಕೆ. ಎರಡನೇ ಸಲ ಕೊಯ್ದವಳು ನಾನು, ಕಾಫಿ ಕುಡಿಯುತ್ತ.

ಕಳೆದ ಭಾನುವಾರ ಬೆಳಿಗ್ಗೆ ಕೆಲಸ ಮಾಡಿದವರ ಮನೆಯವರಿಗೆಲ್ಲ ಸಿನಿಮಾ ತೋರಿಸಿದರು. ಬಾಗಿಲಲ್ಲೇ ಪುಸ್ತಿಕೆ ಕೊಟ್ಟರು. ಗಂಡ ಅದನ್ನು ಓದಿ, ಹನ್ನೆರಡನೆಯದರ ಮೇಲೆ ಬೆರಳಿಟ್ಟು ನನಗೆ ತೋರಿಸಿ ಕಣ್ಣು ಹೊಡೆದ. ನಮ್ಮಿಬ್ಬರದೇ ಗುಟ್ಟು ಅನ್ನುವ ಹಾಗೆ. ಕರಡಿ ಮೆಟ್ಟಿಲು ಹತ್ತುವಾಗ ಅವನು ನನ್ನ ಕೈ ಹಿಡಿದುಕೊಂಡ. ಮೊದಲ ಎರಡು ಉಸಿರು ಕೇಳಿಸಿತು. ಮೂರನೆಯದರ ಮೇಲೆ ಡ್ರಮ್ಮು, ಪಿಟೀಲು ಎಲ್ಲ ಒಟ್ಟಿಗೆ ಬಂದು ಬಿದ್ದವು. ಅವನು ಹನ್ನೊಂದು ಸೆಕೆಂಡು ಮುಗಿಯುವವರೆಗೂ ಕೈ ಬಿಡಲಿಲ್ಲ, ಅಳತೆ ಅವನಿಗೂ ಗೊತ್ತಿತ್ತು.

ಹೊರಗೆ ಬಂದಾಗ ಮಗಳು ಕುಣಿಯುತ್ತಿದ್ದಳು. ಈಗ ಅವಳಿಗೆ ಆರು. “ಅಪ್ಪಾ, ನೀನೇ ಅಲ್ವಾ ಮೊದಲು ಕರಡಿ ಆಗಿದ್ದಿದ್ದು? ನಿಂಗೂ ಇದೇ ದನಿ ಇತ್ತಾ?”

ಅವನು ತಲೆಯಾಡಿಸಿ ಗೋಡೆಗೆ ಸ್ಲೇಟು ಆನಿಸಿ ಬರೆದ. ಅವಳು ಅಲ್ಲೇ, ಅಷ್ಟು ಜನರ ನಡುವೆ, ಬೆರಳಿಟ್ಟು ಗಟ್ಟಿಯಾಗಿ ಓದಿದಳು.

“ಇ-ದ-ಲ್ಲ. ನ-ನ್ನ-ದು ಚೆ-ನ್ನಾ-ಗಿ-ತ್ತು. ಅ-ಮ್ಮ-ನ ಹ-ತ್ರ ಇ-ದೆ. ಮ-ನೆ-ಗೆ ಹೋ-ಗಿ ಕೇ-ಳೋ-ಣ.” ಓದಿ ಮುಗಿಸಿ ನನ್ನ ಕಡೆ ತಿರುಗಿದಳು. “ಹೌದಾ ಅಮ್ಮಾ? ನಿನ್ ಹತ್ರ ಇದೆಯಾ?”

ಬಸ್ಸಿನಲ್ಲಿ ಮೂರು ನಿಲ್ದಾಣ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಜೋಡಿಸಿದೆ, ಹತ್ತು ಸಲವೂ ‘ಅದು ಏನಾಯ್ತು ಅಂದ್ರೆ’ ಅನ್ನುವಲ್ಲಿಗೆ ನಿಂತಿತು. ಮನೆಗೆ ಬಂದ ಕೂಡಲೇ ಮಗಳು ಕಂಪ್ಯೂಟರಿನ ಮುಂದೆ ಮೂರು ಕುರ್ಚಿ ಎಳೆದು ಹಾಕಿದಳು. ಗಂಡ ಮುಖ ತೊಳೆದು, ಅಂಗಿ ಬದಲಾಯಿಸಿ ಬಂದು ಕೂತ. ಕೇಳುವುದಕ್ಕೆ ಅಂಗಿ ಯಾಕೆ ಬದಲಾಯಿಸಬೇಕಿತ್ತೋ. ಬೀರುವಿನಿಂದ ಡ್ರೈವ್ ತಂದು ಚುಚ್ಚಿ, ಸೆಷನ್ ತೆರೆದು ಒತ್ತಿದೆ.

ಬೂದು ಪಟ್ಟಿಗಳ ಮೇಲೆ ಗೆರೆ ಓಡಿತು. ಅವನು ಇಷ್ಟು ವರ್ಷ ನನ್ನ ಜೊತೆ ಅದೇ ಸ್ಟುಡಿಯೋದಲ್ಲಿ ದುಡಿದವನು, ಬಣ್ಣ ನೋಡಿದ. ಸ್ಪೀಕರ್ ಕಡೆ ತಿರುಗಿ ನೋಡಲೂ ಇಲ್ಲ. ಮಗಳು ಮಾತ್ರ ಇನ್ನೂ ಶುರುವಾಗಿಲ್ಲ ಅಂತಲೇ ತಿಳಿದು, ಕಾಯುತ್ತ ಕಾಯುತ್ತ ಪಟ್ಟಿಗಳ ಮೇಲಿನ ಹೆಸರುಗಳನ್ನು ಓದತೊಡಗಿದಳು. ಪ್ರತಿ ಪಟ್ಟಿಗೂ ಅದರೊಳಗಿನ ಮಾತಿನ ಮೊದಲ ಪದಗಳನ್ನೇ ಹೆಸರಿಡುವುದು ನನ್ನ ಅಭ್ಯಾಸ.

“ಹೆ-ದ-ರ್ಬೇ-ಡ ಮ-ರಿ. ಬಾ ಇ-ಲ್ಲಿ. ಗ-ಡಿ-ಯಾ-ರ ಅಂ-ದ್ಮೇ-ಲೆ. ಜೋ-ಗು-ಳ ಒಂದು. ಜೋ-ಗು-ಳ ಎರಡು. ಜೋ-ಗು-ಳ ಮೂರು, ಮ-ಗು ನ-ಗು.” ನಿಲ್ಲಿಸಿದಳು. “ಮಗು ಅಂದ್ರೆ ನಾನಾ? ಅಪ್ಪ ನಂಗೆ ಹಾಡ್ತಿದ್ರಾ? ಯಾವಾಗ ಕೇಳಿಸುತ್ತೆ?”

ನಾನು ಫೋನಿನಲ್ಲಿದ್ದ ಏದುಸಿರಿನ ತುಣುಕನ್ನು ಹಾಕಿದೆ. ಹನ್ನೊಂದು ಸೆಕೆಂಡು ಅದು ಕೋಣೆಯಲ್ಲಿ ಕೇಳಿಸಿತು, ಡ್ರಮ್ಮಿಲ್ಲದೆ, ಪಿಟೀಲಿಲ್ಲದೆ.

“ಇದು ಗೊತ್ತು” ಅಂದಳು ಮಗಳು. “ಅಪ್ಪ ದಿನಾ ಹೀಗೇ ಉಸಿರು ಬಿಡ್ತಾರಲ್ಲ. ಮಾತು ಹಾಕು.”

ಗಂಡ ಪರದೆಯನ್ನೇ ನೋಡುತ್ತಿದ್ದ. ಗೆರೆ ಎಲ್ಲ ಪಟ್ಟಿಗಳನ್ನು ದಾಟಿ ಕೊನೆಗೆ ಹೋಗಿ ನಿಂತಿತು. ನಲವತ್ತು ನಿಮಿಷ ಅವನು ಕೂತಲ್ಲಿಂದ ಕದಲಲಿಲ್ಲ. ಮಗಳು ಬೇಸತ್ತು ಎದ್ದು ಹೋಗಿ, ಬಿಸ್ಕತ್ತು ತಂದು ತಿಂದು, ಮತ್ತೆ ಬಂದು ಕೂತಳು. ಕುತ್ತಿಗೆಯ ತೂತಿನಿಂದ ಅವನ ಉಸಿರು ಹೋಗಿ ಬರುವುದು ಕೇಳುತ್ತಿತ್ತು. ಬೈಯಲಿ ಅಂತ ಕಾದೆ. ಸ್ಲೇಟನ್ನು ಎತ್ತಿ ನನ್ನ ತಲೆಗೇ ಒಗೆಯಲಿ ಅಂತ ಕಾದೆ.

ಅವನು ಸ್ಲೇಟು ತೆಗೆದುಕೊಂಡು ನಿಧಾನವಾಗಿ ಒಂದು ಸಾಲು ಬರೆದು ನನ್ನ ಕಡೆ ತಿರುಗಿಸಿದ. ನನಗೆ ಕಣ್ಣು ಮಂಜಾಗಿ ಅಕ್ಷರ ಕಾಣಲಿಲ್ಲ. ಮಗಳು ಬಾಯಲ್ಲಿದ್ದ ಬಿಸ್ಕತ್ತು ನುಂಗಿ, ಬಗ್ಗಿ, ಎಂದಿನ ಹಾಗೆ ಅಪ್ಪನ ಪರವಾಗಿ ಓದಿದಳು.

“ಟಿ-ಕ್ ಹಾ-ಕ-ಲಿ-ಲ್ವಾ?”

ಇಲ್ಲ ಅಂದೆ.